ಮನೆ ಇದ್ದ ಉಗ್ರಪ್ಪನಿಗೆ ಮನೆ ಕೊಟ್ಟಿದ್ದು

ಉಗ್ರಪ್ಪನ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಕುರಿ ಹೊಡೆದುಕೊಂಡು ಊರು ಬಿಟ್ಟ ಮೇಲೆ ಮಂದೆಯ ನಡುವೆ ನಿಂತು ಮನೆಯ ಮಾತೆತ್ತಬಾರದು. ಎತ್ತಿದರೆ ಕುರಿಗಳು ಕೇಳಿಸಿಕೊಳ್ಳುತ್ತವಂತೆ, ಕೇಳಿಸಿಕೊಂಡ ಕುರಿ ಮೇಯುವುದು ಬಿಟ್ಟು ಊರಿನ ದಿಕ್ಕಿಗೆ ಮುಖ ಮಾಡುತ್ತದಂತೆ. ನಿಜವೋ ಸುಳ್ಳೋ ಕುರಿಯನ್ನೇ ಕೇಳಬೇಕು. ಉಗ್ರಪ್ಪನ ಅಪ್ಪ ಇದನ್ನು ಪಾಲಿಸಿದ್ದ, ಅವನಪ್ಪನೂ ಪಾಲಿಸಿದ್ದ, ಇಬ್ಬರಿಗೂ ಕೂದಲು ಕೊಂಕಿರಲಿಲ್ಲ. ಕೊಂಕಿದ್ದು ಉಗ್ರಪ್ಪನಿಗೆ. ಅದೂ ಸರ್ಕಾರದವರು ಮನೆ ಇಲ್ಲದವರನ್ನು ಹುಡುಕಿಕೊಂಡು ಹೊರಟ ವರ್ಷ.

ಅವನದು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಯಿಂದಾಚೆ, ಕಲ್ಲುರೊಪ್ಪ ಅನ್ನುವ ಊರು. ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆ, ತಾಳ್ಯದ ಸುತ್ತ ಹೋಗುತ್ತಿದ್ದ. ಹಗಲು ಮೇಯಿಸುವುದು, ಸಂಜೆ ಯಾರದಾದರೂ ಹೊಲದಲ್ಲಿ ಬಲೆ ಕಟ್ಟಿ ಮಂದೆ ನಿಲ್ಲಿಸುವುದು. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ, ಹೊಲದವರ ರಾಗಿ ಉಗ್ರಪ್ಪನಿಗೆ. ಮಂದೆ ಎಲ್ಲೋ ಅವನೂ ಅಲ್ಲೇ, ಒಂದು ಕಂಬಳಿಯ ಕೆಳಗೆ. ಊರಲ್ಲಿ ಮನೆ ಇರಲಿಲ್ಲವೇ ಅಂದರೆ, ಇತ್ತು ಸ್ವಾಮಿ, ಭರ್ಜರಿ ಮನೆಯೇ ಇತ್ತು. ಅವನೂ ಅವನ ಹೆಂಡತಿ ಜುಂಜಮ್ಮನೂ ತಲೆಯ ಮೇಲೆ ಕಲ್ಲು ಹೊತ್ತು ಎಬ್ಬಿಸಿದ ಗೋಡೆಗಳು. ಅದರ ಪಡಸಾಲೆಯಲ್ಲಿ ಕಾಲು ಚಾಚಿ ಮಲಗುವುದೆಂದರೆ ಅವನಿಗೆ ಲೋಕದಲ್ಲಿ ಬೇರೆ ಸುಖವೇ ಬೇಡ. ಅಡವಿಯಲ್ಲಿ ಮಲಗಿ ಅಭ್ಯಾಸವಾದವನಿಗೇ ಸೂರಿನ ರುಚಿ ಗೊತ್ತು. ಆದರೆ ಮಂದೆಯಲ್ಲಿದ್ದಾಗ ಅದನ್ನು ಬಾಯಿ ಬಿಟ್ಟು ಹೇಳುವಂತಿಲ್ಲವಲ್ಲ.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ತಾಳ್ಯದ ಹೊಲವೊಂದರ ಬದುವಿನಲ್ಲಿ ಬೈಕ್ ನಿಂತಿತು. ಇಳಿದವನು ಸಮೀಕ್ಷೆಗೆಂದು ತಾತ್ಕಾಲಿಕವಾಗಿ ಸೇರಿದ್ದ ಶಿವರಾಜ್ ಎಂಬ ಹುಡುಗ. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಮೊಬೈಲು, ಎದೆಯಲ್ಲಿ ದೇಶಸೇವೆ.

"ಏನ್ ಯಜಮಾನ್ರೆ, ರಾತ್ರಿ ಇಲ್ಲೇ ಮಲ್ಗಿದ್ರಾ?"

"ಹ್ಞೂಂ. ಇನ್ನೆಲ್ಲಿ ಮಲ್ಗಾಣ?"

"ನಿಮಗೆ ಮನೆ ಐತಾ?"

ಉಗ್ರಪ್ಪ ಹಿಂದೆ ನೋಡಿದ. ಬಲೆಯೊಳಗೆ ಕುರಿಗಳೆಲ್ಲ ಎದ್ದು ನಿಂತಿದ್ದವು. ಮುಂದಿನ ಟಗರು ಕಿವಿ ನಿಮಿರಿಸಿ ಇವನನ್ನೇ ನೋಡುತ್ತಿತ್ತು.

"ಇಲ್ಲ" ಅಂದ.

"ಸ್ವಂತದ್ದು ಬ್ಯಾಡ, ಬಾಡಿಗೇದಾದ್ರೂ?"

"ಯಾವ್ದೂ ಇಲ್ಲ ಕಣಪ್ಪ. ವಸಿ ಮೆಲ್ಲಗೆ ಮಾತಾಡು."

ಹುಡುಗ ದನಿ ತಗ್ಗಿಸಿದ. ಪಾಪ, ಮನೆ ಇಲ್ಲದ ಮುದುಕ, ಅದನ್ನು ಗಟ್ಟಿಯಾಗಿ ಹೇಳಿಕೊಳ್ಳಲೂ ನಾಚುತ್ತಾನೆ! ಉಗ್ರಪ್ಪನ ಆಧಾರ್ ತೆಗೆಸಿದ, ಹೆಬ್ಬೆಟ್ಟು ಒತ್ತಿಸಿದ, ಮೊಬೈಲನ್ನು ಮುಖಕ್ಕೆ ಹಿಡಿದು "ಕಣ್ಣು ಪಿಳುಕಿಸಿ" ಅಂದ. ಉಗ್ರಪ್ಪ ಕಣ್ಣು ಪಿಳುಕಿಸಿದ. ಇದು ಕುರಿಗೆ ಲಸಿಕೆ ಹಾಕಿಸುವ ಯಾವುದೋ ಏರ್ಪಾಡು ಇರಬೇಕೆಂದು ಅವನು ಭಾವಿಸಿದ್ದ. ಹುಡುಗ ಹೋಗುವಾಗ ಅವನ ಕೈ ಹಿಡಿದು, "ಧೈರ್ಯವಾಗಿರ್ರಿ, ಸರ್ಕಾರ ನಿಮ್ ಕೈ ಬಿಡಲ್ಲ" ಅಂದ. ಆ ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಮುಂಗಾರಿನ ಮೋಡ ಕಂಡ ಮೇಲೆ ಉಗ್ರಪ್ಪ ಮಂದೆಯನ್ನು ಜೊತೆಗಾರ ಬೀರಪ್ಪನಿಗೆ ಒಪ್ಪಿಸಿ ಊರಿಗೆ ಬಂದ. ಬಂದು ನೋಡಿದರೆ ಅವನ ಮನೆಯ ಬಾಗಿಲ ಮೇಲೆ ಹಳದಿ ಬೋರ್ಡು. 'ವಸತಿರಹಿತರ ಆಶ್ರಯ ಕೇಂದ್ರ, ಗ್ರಾಮ ಪಂಚಾಯಿತಿ, ಕಲ್ಲುರೊಪ್ಪ.' ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಂಚಾಯಿತಿಯ ಬಿಲ್ ಕಲೆಕ್ಟರ್ ಹನುಮೇಶ ಕೂತಿದ್ದ. ಉಗ್ರಪ್ಪ ಚಪ್ಪಲಿ ಬಿಟ್ಟು ಒಳಗೆ ಕಾಲಿಡಲು ಹೋದರೆ ಅವನು ಅಡ್ಡ ಬಂದ.

"ಮಾವ, ಪ್ರವೇಶ ಸಾಯಂಕಾಲ ಆರರ ಮ್ಯಾಲೆ."

"ಲೇ ಹನುಮೇಶ, ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕಂಡಿದೀಯೇನ್ಲಾ? ಇದು ನನ್ ಮನೆ!"

"ಇತ್ತು ಮಾವ. ಈಗಿಲ್ಲ. ನೀನೇ ಇಲ್ಲ ಅಂದಿದೀಯಂತೆ."

ಉಗ್ರಪ್ಪ ಕೂಗಾಡಿದ. ಒಳಗಿಂದ ಜುಂಜಮ್ಮ ಸೌಟು ಹಿಡಿದುಕೊಂಡೇ ಬಂದಳು. ಅವಳ ಮೈಮೇಲೆ ಸೀರೆಯ ಮೇಲೊಂದು ನೀಲಿ ಏಪ್ರನ್ನು. "ಬಂದ್ರಾ?" ಅಂದಳು. "ಅಲ್ಲ, ಯಾವನೋ ಬಂದು ಮನೆ ಐತಾ ಅಂದ್ರೆ ಐತೆ ಅನ್ನಾಕೆ ನಾಲಿಗೆ ಬಿದ್ದೋಗಿತ್ತಾ ನಿಮ್ಗೆ?"

"ಮಂದೆ ಎದುರಿಗೆ ಕೇಳಿದ್ನಲ್ಲೇ! ಹೆಂಗೆ ಅನ್ಲಿ?"

ಜುಂಜಮ್ಮ ಸೌಟು ಇಳಿಸಿದಳು. ಅವಳೂ ಕುರಿ ಕಾಯುವ ಮನೆಯ ಮಗಳು. ಮಂದೆ ಎದುರಿಗಾದರೆ ಅವಳೂ ಹಾಗೇ ಹೇಳುತ್ತಿದ್ದಳು.

ಪಂಚಾಯಿತಿಯ ಪಿಡಿಓ ಉಷಾರಾಣಿ ಕೆಟ್ಟವಳಲ್ಲ. ಉಗ್ರಪ್ಪನನ್ನು ಕೂರಿಸಿ, ನೀರು ಕೊಟ್ಟು, ಬೆವರು ಒರೆಸಿಕೊಳ್ಳಿ ಅಂತ ಫ್ಯಾನನ್ನು ಅವನ ಕಡೆ ತಿರುಗಿಸಿ, ಆಮೇಲೆ ವಿಷಯ ಬಿಡಿಸಿ ಹೇಳಿದಳು. ಮನೆ ಇಲ್ಲದವರ ಹೆಸರಲ್ಲಿ ಮನೆ ಇರುವುದನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಆದ್ದರಿಂದ ಅದು ತಾನಾಗಿಯೇ ಉಗ್ರಪ್ಪನ ಹೆಸರು ಕಿತ್ತುಹಾಕಿತು. ಮಾಲೀಕನಿಲ್ಲದ ಮನೆ ಪಂಚಾಯಿತಿಗೆ ಸೇರಿತು. ಅದೇ ವಾರ ಮೇಲಿನಿಂದ ಆದೇಶ ಬಂತು, ನಿಮ್ಮೂರಲ್ಲೊಬ್ಬ ವಸತಿರಹಿತ ಪತ್ತೆಯಾಗಿದ್ದಾನೆ, ಕೂಡಲೇ ಆಶ್ರಯ ಕೇಂದ್ರ ತೆರೆಯಿರಿ ಅಂತ.

"ಊರಲ್ಲಿ ಮಾಲೀಕರಿಲ್ಲದ ಕಟ್ಟಡ ಒಂದೇ ಇತ್ತು ನೋಡಿ, ಯಜಮಾನ್ರೆ. ನಿಮ್ಮ ಅದೃಷ್ಟಕ್ಕೆ ಸಿಕ್ತು."

"ಒಳಗೆ ನನ್ನೆಂಡ್ತಿ ಇದ್ಲಲ್ರೀ ಮೇಡಂ!"

"ಮನೆ ಇಲ್ಲದವರ ಹೆಂಡತಿಗೆ ಮನೆ ಎಲ್ಲಿಂದ ಬರ್ಬೇಕು? ಆದ್ರೂ ನಾವು ಬೀದಿಗೆ ಬಿಟ್ಟಿಲ್ಲ. ಅಡುಗೆಯವರು ಅಂತ ಸೇರಿಸ್ಕೊಂಡಿದೀವಿ."

"ಈಗ ನಾನು ಐತೆ ಅಂತ ಹೇಳ್ತೀನಿ. ಬರ್ಕಳ್ರಿ. ಐತೆ, ಐತೆ, ಐತೆ."

"ಎಲ್ಲಿದೆ?"

ಉಗ್ರಪ್ಪ ಮನೆಯ ದಿಕ್ಕಿಗೆ ಕೈ ಎತ್ತಿದ, ಇಳಿಸಿದ. ಅವನು ತೋರಿಸಬಹುದಾಗಿದ್ದ ಒಂದೇ ಮನೆಗೆ ಹಳದಿ ಬೋರ್ಡು ಬಿದ್ದಿತ್ತು.

ಮರುದಿನದಿಂದ ಓಡಾಟ. ಹೊಳಲ್ಕೆರೆಯಲ್ಲಿ ಒಬ್ಬ ಸಾಹೇಬರು ಕನ್ನಡಕ ಏರಿಸಿ ನೋಡಿ, "ನಮ್ಮ ತಾಲ್ಲೂಕಲ್ಲಿ ನಿಮಗೆ ಮನೆ ಇದೆಯಾ? ಇಲ್ಲ. ಹಾಗಾದ್ರೆ ನೀವು ವಸತಿರಹಿತರೇ, ಸರಿಯಾಗೇ ಇದೆ" ಅಂದರು. ಹಿರಿಯೂರಲ್ಲಿ ಇನ್ನೊಬ್ಬರು, "ಮನೆ ಕಾಣ್ತಾ ಐತೆ, ನೀವು ಕಾಣ್ತಾ ಇಲ್ಲ" ಅಂದರು. ಯಾರೋ ಹೇಳಿದರೆಂದು ಹೊಸದುರ್ಗಕ್ಕೂ ಹೋದ. ಅಲ್ಲಿಯವರಿಗೆ ಇವನ ಮೇಲೆ ಬಹಳ ಕನಿಕರ ಬಂತು. ಅವರಲ್ಲಿ ಇವನ ಮನೆಯೂ ಇರಲಿಲ್ಲ, ಮನೆ ಇಲ್ಲವೆಂಬ ದಾಖಲೆಯೂ ಇರಲಿಲ್ಲ. "ನಮ್ಮ ಮಟ್ಟಿಗೆ ನಿಮಗೆ ಸಮಸ್ಯೆನೇ ಇಲ್ಲ" ಅಂತ ಸಮಾಧಾನ ಹೇಳಿ ಚಹ ಕುಡಿಸಿ ಕಳಿಸಿದರು. ಚಿತ್ರದುರ್ಗಕ್ಕೆ ಹೋದರೆ ಅಲ್ಲಿ ಇವನನ್ನು ನೋಡಿದ್ದೇ ತಡ, ಮೂರು ಮೇಜಿನವರು ಎದ್ದು ಬಂದರು. ಕಲ್ಲುರೊಪ್ಪದ ಉಗ್ರಪ್ಪ ಅಂದರೆ ಇವರೇನಾ! ಯೋಜನೆಯ ಮೊದಲ ಫಲಾನುಭವಿ! ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಅವನು ಬಂದ ಕೆಲಸ ಹೇಳಿದ ಮೇಲೆ ಎಲ್ಲರ ಮುಖವೂ ಸಣ್ಣಗಾಯಿತು. ಇಷ್ಟೆಲ್ಲ ಮಾಡಿದ ಮೇಲೆ ಮನೆ ಇದೆ ಅಂತೀರಲ್ಲ, ನಿಮಗೆ ಕೃತಜ್ಞತೆ ಬೇಡವೇ ಅಂತ ಒಬ್ಬರು ಕೇಳಿಯೇಬಿಟ್ಟರು.

ಹೀಗೆ ಉಗ್ರಪ್ಪ ತನ್ನದೇ ಮನೆಯಲ್ಲಿ ಆಶ್ರಯ ಪಡೆದ. ಸಾಯಂಕಾಲ ಆರಕ್ಕೆ ಹೆಬ್ಬೆಟ್ಟೊತ್ತಿ ಒಳಗೆ, ಬೆಳಿಗ್ಗೆ ಎಂಟಕ್ಕೆ ಹೆಬ್ಬೆಟ್ಟೊತ್ತಿ ಹೊರಗೆ. ಪಡಸಾಲೆ ಗಂಡಸರ ವಿಭಾಗ, ಒಳಕೋಣೆ ಹೆಂಗಸರ ವಿಭಾಗ, ನಡುವೆ ಪಂಚಾಯಿತಿ ಕಟ್ಟಿಸಿದ ಹಸಿರು ಪರದೆ. ಗಂಡಸರ ವಿಭಾಗದಲ್ಲಿ ಅವನೊಬ್ಬ, ಹೆಂಗಸರ ವಿಭಾಗದಲ್ಲಿ ಅವನ ಹೆಂಡತಿಯೊಬ್ಬಳು. ಪರದೆಯ ಆಚೆಯಿಂದ ಜುಂಜಮ್ಮ ಊಟದ ತಟ್ಟೆ ತಳ್ಳಿದರೆ ಹನುಮೇಶ ಫೋಟೋ ತೆಗೆದು ಮೇಲಕ್ಕೆ ಕಳಿಸುತ್ತಿದ್ದ. "ಮಾವ, ವಸಿ ನಗು" ಅಂತಿದ್ದ. ಉಗ್ರಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ತಾನು ಹೊತ್ತ ಕಲ್ಲಿನ ಗೋಡೆಗೆ ತಲೆ ಆನಿಸಿಕೊಂಡು, ಪರರ ಮನೆಯಲ್ಲಿರುವಂತೆ ಕೆಮ್ಮಲೂ ಹೆದರಿ ಮಲಗಬೇಕಲ್ಲ, ಅದಕ್ಕಿಂತ ತಾಳ್ಯದ ಹೊಲವೇ ವಾಸಿ ಅನ್ನಿಸುತ್ತಿತ್ತು. ಆದರೂ ಬಿಟ್ಟು ಹೋಗಲಿಲ್ಲ. ಬಿಟ್ಟು ಹೋದರೆ ಮನೆ ಪೂರಾ ಕೈತಪ್ಪುತ್ತದೆಂಬ ಭಯ.

ಎಂಟರಿಂದ ಆರರವರೆಗೆ ಎಲ್ಲಿ ಹೋಗುವುದು? ಊರಬಾಗಿಲ ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ. ಅಲ್ಲಿ ಕಾಳಕ್ಕ ಇದ್ದಳು.

ಕಾಳಕ್ಕನ ವಿಷಯ ಹೇಳಬೇಕು. ಗಂಡ ಸತ್ತ ಮೇಲೆ ಒಂದು ಮಳೆಗಾಲದಲ್ಲಿ ಅವಳ ಗೋಡೆ ಕುಸಿಯಿತು. ಜಾಗ ದಾಯಾದಿಗಳ ಪಾಲಾಯಿತು. ಅವಳೊಂದು ಬಟ್ಟೆಗಂಟು ಹೊತ್ತು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ಬಂದು ಕೂತಳು. ಅಂದಿನಿಂದ ಅಲ್ಲೇ. ಬಸ್ಸಿಗೆ ಬಂದವರು ಅವಳ ಕಾಲು ದಾಟಿಕೊಂಡು ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದರು, ಉಗ್ರಪ್ಪನೂ ಮಾಡಿಕೊಂಡಿದ್ದ. ಹಾಗಾದರೆ ಸಮೀಕ್ಷೆಯವರಿಗೆ ಇವಳು ಕಾಣಲಿಲ್ಲವೇ? ಉಗ್ರಪ್ಪ ಹನುಮೇಶನನ್ನು ಇದನ್ನೇ ಕೇಳಿದ.

"ಅಯ್ಯೋ ಮಾವ, ಕಾಳಕ್ಕ ಎಲ್ಲವ್ಳೆ ಅಂದ್ರೆ ಚಿಕ್ಕ ಮಗೂನೂ ಬಸ್ ಸ್ಟ್ಯಾಂಡು ಅಂತೈತೆ. ಇರೋ ಜಾಗ ಊರಿಗೆಲ್ಲ ಗೊತ್ತಿರೋರು ವಸತಿರಹಿತರು ಹೆಂಗಾಗ್ತಾರೆ?"

ಉಗ್ರಪ್ಪ ಆ ಬೆಂಚಿನಲ್ಲಿ ಕೂತು ದಿನವಿಡೀ ತನ್ನ ಗೋಳನ್ನು ಕಾಳಕ್ಕನ ಕಿವಿಗೆ ಹಾಕುತ್ತಿದ್ದ. "ಒಂದೇ ಮಾತು ಕಣವ್ವ. ಇಲ್ಲ ಅಂದೆ. ಅಷ್ಟಕ್ಕೇ ಇದ್ದದ್ದೂ ಹೋಯ್ತು." ಕಾಳಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಹೌದೇನಪ್ಪ, ಹೌದೇನಪ್ಪ" ಅನ್ನುತ್ತಿದ್ದಳು. ಬಹಳ ಗಮನವಿಟ್ಟು ಕೇಳುತ್ತಿದ್ದಳು. ಯಾರಾದರೂ ಅವಳ ಜೊತೆ ಇಷ್ಟು ಹೊತ್ತು ಮಾತಾಡಿ ಯಾವ ಕಾಲವಾಗಿತ್ತೋ.

ಅವಳನ್ನು ಮನೆಯೊಳಗೆ ಕರೆತಂದವಳು ಜುಂಜಮ್ಮ. ಹೆಂಗಸರ ವಿಭಾಗದಲ್ಲಿ ಒಬ್ಬಳೇ ಮಲಗಲು ತನಗೆ ಭಯ, ಅಡುಗೆಗೂ ಒಬ್ಬ ಸಹಾಯಕಿ ಬೇಕು ಅಂತ ಹನುಮೇಶನ ತಲೆ ತಿಂದು ಒಪ್ಪಿಸಿದಳು. ಉಗ್ರಪ್ಪ ಸಿಟ್ಟಾದ. "ನಮ್ ಮನೇನ ಛತ್ರ ಮಾಡ್ತಿದೀಯಾ?" ಅಂದ.

"ನಿಮ್ ಮನೆ ಎಲ್ಲೈತೆ? ಬೋರ್ಡು ಓದ್ರಿ" ಅಂದಳು ಜುಂಜಮ್ಮ.

ಮಳೆಗಾಲವೆಲ್ಲ ಕಾಳಕ್ಕ ಒಳಕೋಣೆಯಲ್ಲಿ ಮಲಗಿದಳು. ಬೆಳಿಗ್ಗೆ ಎಂಟಾಗುವ ಮೊದಲೇ, ಯಾರೂ ಹೇಳದೆ, ಗಂಟೆತ್ತಿಕೊಂಡು ಬೆಂಚಿಗೆ ಹೋಗುತ್ತಿದ್ದಳು. ಸೊಪ್ಪು ಬಿಡಿಸುತ್ತಿದ್ದಳು, ಮುದ್ದೆ ಕಟ್ಟುತ್ತಿದ್ದಳು, ಜುಂಜಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ರಾತ್ರಿ ಪರದೆಯ ಆಚೆ ಹೆಂಗಸರಿಬ್ಬರೂ ಮುಸಿಮುಸಿ ನಗುವುದು ಕೇಳಿದರೆ ಉಗ್ರಪ್ಪನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಗಂಡಸರ ವಿಭಾಗದಲ್ಲಿ ನಗಲು ಯಾರಿದ್ದರು?

ಬನ್ನಿ ಹಬ್ಬ ಕಳೆದ ಮೇಲೆ ಉಷಾರಾಣಿ ಅವನನ್ನು ಪಂಚಾಯಿತಿಗೆ ಕರೆಸಿದಳು. ಮುಖ ಅರಳಿತ್ತು.

"ಯಜಮಾನ್ರೆ, ಸಿಹಿಸುದ್ದಿ. ಎಲ್ಲ ಪಂಚಾಯಿತಿಗಳೂ ವಸತಿರಹಿತ ಮುಕ್ತ ಆಗಬೇಕು ಅಂತ ಆದೇಶ ಬಂದಿದೆ. ನಮ್ಮಲ್ಲಿ ಇರೋರು ನೀವೊಬ್ಬರೇ. ಹಾಗಾಗಿ ನಿಮಗೊಂದು ಮನೆ ಮಂಜೂರು ಮಾಡಿದೀವಿ."

"ಯಾವ ಮನೆ?" ಅಂದ ಉಗ್ರಪ್ಪ.

"ಆಶ್ರಯ ಕೇಂದ್ರದ್ದೇ. ನಿಮಗೆ ಮನೆ ಸಿಕ್ಕಿದ ಮೇಲೆ ಕೇಂದ್ರ ಯಾಕೆ? ಕೇಂದ್ರ ಮುಚ್ಚಿದ ಮೇಲೆ ಕಟ್ಟಡ ಯಾಕೆ? ನಿಮಗೇ ಕೊಟ್ಟುಬಿಡೋಣ ಅಂತ ಸಭೆಯಲ್ಲಿ ತೀರ್ಮಾನ ಆಯ್ತು. ಅಧ್ಯಕ್ಷರೇ ಕೈಯಾರೆ ಬೀಗದ ಕೈ ಕೊಡ್ತಾರೆ."

ಅವಮಾನಕ್ಕೆ ಸಿಡಿದೇಳಬೇಕಾಗಿತ್ತು. ಉಗ್ರಪ್ಪನಿಗೆ ಅಳು ಬಂತು. ಮನೆ ವಾಪಸ್ಸು ಬರುತ್ತದೆ ಅನ್ನುವುದೊಂದೇ ಅವನ ಕಿವಿಗೆ ಬಿದ್ದಿದ್ದು. ಪಿಡಿಓ ಕಾಲಿಗೆ ಬೀಳಲು ಹೋದ, ಅವಳು ಹೌಹಾರಿ ಎದ್ದು ನಿಂತಳು.

"ಒಂದೇ ಒಂದು ವಿಷಯ" ಅಂದಳು, ದನಿ ತಗ್ಗಿಸಿ. "ಅವತ್ತು ಮೇಲಿನಿಂದ ರಾಮಾಂಜನೇಯ ಸಾಹೇಬರು ಪರಿಶೀಲನೆಗೆ ಬರ್ತಾರೆ. ಊರಲ್ಲಿ ಇನ್ನೊಬ್ಬರು ಮನೆ ಇಲ್ಲದವರು ಸಿಕ್ಕರೆ ಕೇಂದ್ರ ಮುಚ್ಚಕ್ಕೆ ಬರಲ್ಲ. ಮುಚ್ಚದೆ ನಿಮಗೆ ಕೊಡಕ್ಕೂ ಬರಲ್ಲ. ಅರ್ಥ ಆಯ್ತಲ್ಲ?"

ಅರ್ಥವಾಗದೆ ಏನು? ಉಗ್ರಪ್ಪ ಜುಂಜಮ್ಮನಿಗೆ ಈ ಮಾತು ಹೇಳಲಿಲ್ಲ. ಹೇಳಿದರೆ ಅವಳೇನು ಅನ್ನುತ್ತಾಳೆಂದು ಗೊತ್ತಿತ್ತು.

ಆ ದಿನ ಬಾಗಿಲಿಗೆ ಮಾವಿನ ತೋರಣ, ಶಾಮಿಯಾನ, ಮೈಕು. ಹಳದಿ ಬೋರ್ಡು ಇಳಿಸಿ ಅದೇ ಮೊಳೆಗಳಿಗೆ ಹೊಸದೊಂದನ್ನು ಹೊಡೆದಿದ್ದರು. ಮನೆ ಕೊಟ್ಟವರ ಹೆಸರೆಲ್ಲ ಅದರಲ್ಲಿತ್ತು, ಕಲ್ಲು ಹೊತ್ತವರದೊಂದು ಬಿಟ್ಟು. ಬೀಗವನ್ನೂ ಹೊಸದು ತಂದಿದ್ದರು, ಕೊಡುವ ಬೀಗದ ಕೈ ಹಳೆಯದಾಗಿರಬಾರದಲ್ಲ. ಜೀಪಿನ ಸದ್ದು ಕೇಳುವ ಮೊದಲು ಉಗ್ರಪ್ಪ ಕಾಳಕ್ಕನನ್ನು ಬೆಂಚಿನಿಂದ ಎಬ್ಬಿಸಿ, ಯಾರಿಗೂ ಕಾಣದಂತೆ ಹಿತ್ತಲಿಗೆ ಕರೆದೊಯ್ದ. ಅಲ್ಲಿ ಕುರಿ ಕೂಡುವ ಖಾಲಿ ರೊಪ್ಪದ ಮೂಲೆ ತೋರಿಸಿದ.

"ವಸಿ ಹೊತ್ತು ಇಲ್ಲೇ ಕುಂತ್ಕಳವ್ವ. ಅವ್ರು ಹೋಗಗಂಟ. ಕೆಮ್ಮಬ್ಯಾಡ."

"ಆಗ್ಲಪ್ಪ" ಅಂದಳು ಕಾಳಕ್ಕ. ಯಾಕೆ ಅಂತ ಕೇಳಲಿಲ್ಲ. ಹಿಕ್ಕೆ ಸರಿಸಿ, ಗಂಟು ಅಪ್ಪಿಕೊಂಡು ಕೂತಳು. ಉಗ್ರಪ್ಪ ಅವಳ ಮುಖ ನೋಡದೆ ಬಂದುಬಿಟ್ಟ.

ರಾಮಾಂಜನೇಯ ಸಾಹೇಬರು ಜೋರಾದ ಮನುಷ್ಯ. ಭಾಷಣವೆಲ್ಲ ಮುಗಿದು, ಅಧ್ಯಕ್ಷರು ಬೀಗದ ಕೈ ಎತ್ತಿ ಹಿಡಿದು, ಉಗ್ರಪ್ಪ ಕೈ ಚಾಚಿದ ಗಳಿಗೆಯಲ್ಲಿ, "ಒಂದ್ನಿಮಿಷ, ಕಟ್ಟಡದ ನಾಲ್ಕೂ ಕಡೆ ಫೋಟೋ ಬೇಕು" ಅಂತ ಸರಸರ ಹಿತ್ತಲ ಕಡೆ ನಡೆದರು. ಉಷಾರಾಣಿ ಓಡಿದಳು. ಅಧ್ಯಕ್ಷರು ಬೀಗದ ಕೈ ಹಿಡಿದೇ ಓಡಿದರು. ಉಗ್ರಪ್ಪ ಎಲ್ಲರಿಗಿಂತ ಹಿಂದೆ ಬಿದ್ದ. ಹೋಗಿ ನೋಡಿದರೆ, ಆದದ್ದು ಆಗಿತ್ತು.

"ಯಾರಿವರು?" ಸಾಹೇಬರು ಕೇಳುತ್ತಿದ್ದರು.

ಜುಂಜಮ್ಮ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಅವಳಿಗೆ ಎಲ್ಲ ತಿಳಿಯಿತು.

ಸಾಹೇಬರು ಮೊಬೈಲು ತೆಗೆದು ರೊಪ್ಪದೊಳಗೆ ಬಗ್ಗಿದರು. "ಅಜ್ಜಿ, ಹೆದರ್ಬೇಡಿ. ನಿಜ ಹೇಳಿ. ನಿಮಗೆ ಮನೆ ಇದೆಯಾ, ಇಲ್ವಾ?"

ಗೋಡೆ ಬಿದ್ದ ದಿನದಿಂದ ಇವತ್ತಿನವರೆಗೆ ಈ ಮಾತನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಇಲ್ಲ ಅಂದರೆ ಸಾಕು, ಕೇಂದ್ರ ಉಳಿಯುತ್ತದೆ, ಹೆಂಗಸರ ವಿಭಾಗ ಅವಳದು, ನಾಳೆ ಒಂದು ಮನೆಯೂ ಅವಳದು. ಉಗ್ರಪ್ಪನದು ಮುಗಿದಂತೆ. ಅವನ ಪಡಸಾಲೆ, ಅವನ ಗೋಡೆ, ಅವನು ಚಾಚಬೇಕೆಂದಿದ್ದ ಕಾಲು, ಎಲ್ಲವೂ ಆ ಬೊಚ್ಚು ಬಾಯಿಯಲ್ಲಿ ಸಿಕ್ಕಿಕೊಂಡಿತ್ತು. ಐತೆ ಅನ್ನವ್ವ ತಾಯಿ, ಅಂತ ಅವನು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿಕೊಳ್ಳುವಾಗಲೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು, ಆದರೂ ಬೇಡಿಕೊಂಡ.

"ಐತೆ ಸ್ವಾಮಿ" ಅಂದಳು ಕಾಳಕ್ಕ. ಗಡಬಡಿಸಿ ಎದ್ದು ನಿಂತಳು. "ಐತೆ, ಐತೆ. ದೊಡ್ಡ ಮನೆ. ನಂಗೇನೂ ಕಮ್ಮಿ ಇಲ್ಲ."

"ವೆರಿ ಗುಡ್!" ಅಂದರು ಸಾಹೇಬರು. ಉಷಾರಾಣಿ ಗೋಡೆ ಹಿಡಿದುಕೊಂಡು ಉಸಿರುಬಿಟ್ಟಳು. ಅಲ್ಲೇ, ಹಿತ್ತಲಲ್ಲೇ, ಅಧ್ಯಕ್ಷರು ಬೀಗದ ಕೈಯನ್ನು ಉಗ್ರಪ್ಪನ ಅಂಗೈಗೆ ಹಾಕಿದರು. ಚಪ್ಪಾಳೆ ಬಿತ್ತು. ಕಲ್ಲುರೊಪ್ಪ ವಸತಿರಹಿತ ಮುಕ್ತವಾಯಿತೆಂದು ಮೈಕಿನಲ್ಲಿ ಸಾರಿದರು. ಲಾಡು ಹಂಚಿದರು, ಕಾಳಕ್ಕನಿಗೂ ಒಂದು ಕೊಟ್ಟರು. ಜೀಪು ಹೋಯಿತು.

ಜನ ಕರಗಿದ ಮೇಲೆ ಜುಂಜಮ್ಮ ಕಾಳಕ್ಕನ ಭುಜ ಹಿಡಿದಳು. "ಯಾಕವ್ವ ಹಂಗಂದೆ? ಈ ನನ್ ಗಂಡ ಹೇಳ್ಕೊಟ್ನಾ?"

"ಅವ್ನೇನೂ ಹೇಳಿಲ್ಲ ಕಣವ್ವ" ಅಂದಳು ಕಾಳಕ್ಕ. ಸುತ್ತ ನೋಡಿ ದನಿ ತಗ್ಗಿಸಿದಳು. "ಪಾಪ, ಇಲ್ಲ ಅಂದಿದ್ದಕ್ಕೆ ಇವನದು ಇಷ್ಟು ದೊಡ್ಡ ಮನೇನೇ ಕಿತ್ಕಂಡ್ರು. ನಂದು ಬರೀ ಒಂದು ಬೆಂಚು. ಇಲ್ಲ ಅಂದು ಅದನ್ನೂ ಕಿತ್ಕಂಡ್ರೆ ನಾನೆಲ್ಲಿಗೆ ಹೋಗ್ಲಿ?"

ಹೇಳಿ, ಗಂಟನ್ನು ಬಗಲಿಗೆ ಸಿಕ್ಕಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟಳು.

ಉಗ್ರಪ್ಪ ಬೀಗದ ಕೈಯನ್ನು ಜುಂಜಮ್ಮನ ಕೈಗೆ ತುರುಕಿ ಕಾಳಕ್ಕನ ಹಿಂದೆ ಓಡಿದ. ಒಳಗೆ ಬಾರವ್ವ ಅನ್ನಬೇಕೆಂದಿದ್ದ. ಅನ್ನುವ ಮೊದಲೇ, ತಾನು ಹೊರೋಣವೆಂದು, ಅವಳ ಬಗಲಿನ ಗಂಟಿಗೆ ಕೈ ಹಾಕಿದ. ಕಾಳಕ್ಕ ಬೆಚ್ಚಿ, ಗಂಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ರಸ್ತೆಯ ನಡುವೆಯೇ ಕುಸಿದು ಕೂತಳು.

"ಐತೆ ಅಂದ್ನಲ್ಲೋ ಉಗ್ರಪ್ಪ!" ಅಂತ ಚೀರಿದಳು. "ಎಲ್ರೆದುರಿಗೂ ಐತೆ ಅಂದ್ನಲ್ಲೋ. ಮತ್ಯಾಕೋ ಕಿತ್ಕಂತೀಯಾ?"